ಹೋರಿಯ ಬಾಲ ಕೈಗಿತ್ತವರು ಯಾರು?

ಕನ್ನಡದಲ್ಲಿ ‘ನ್ಯಾಯ’ ಎಂಬ ಮಾತಿಗೆ ಎರಡು ಬಳಕೆ. ಕಟಕಟೆಯ ಮುಂದೆ ನಿಂತು ಕೇಳುವುದು ಒಂದು ನ್ಯಾಯ. ವಾದಕ್ಕೆ ಬಲ ಬರಲೆಂದು ದೃಷ್ಟಾಂತವಾಗಿ ತರುವುದು ಇನ್ನೊಂದು: ಕಾಕತಾಳೀಯ ನ್ಯಾಯ, ಬೀಜಾಂಕುರ ನ್ಯಾಯ, ಸ್ಥಾಲೀಪುಲಾಕ ನ್ಯಾಯ. ಈ ಎರಡನೆಯ ಬಗೆಯವನ್ನು ಪಟ್ಟಿ ಮಾಡುತ್ತ ಹೋದರೆ ‘ಅಂಧ’ ಎಂದು ಶುರುವಾಗುವವೇ ಹಲವು ಸಿಗುತ್ತವೆ. ಆನೆ ಮುಟ್ಟಿದವರದು ಅಂಧಗಜ ನ್ಯಾಯ. ಕುರುಡನ ಹಿಂದೆ ಕುರುಡ ಹೋಗುವುದು ಅಂಧಪರಂಪರಾ ನ್ಯಾಯ. ಕನ್ನಡಿ ಹಿಡಿದರೂ ಪ್ರಯೋಜನವಿಲ್ಲ ಎನ್ನುವುದಕ್ಕೆ ಅಂಧದರ್ಪಣ ನ್ಯಾಯ. ಕುರುಡನ ಕೈಗೆ ಗುಬ್ಬಚ್ಚಿ ಸಿಕ್ಕಿದರೆ ಅಂಧಚಟಕ ನ್ಯಾಯ, ಅಂದರೆ ಬರೀ ಅದೃಷ್ಟ. ಇಷ್ಟರಲ್ಲಿ ಒಂದರಲ್ಲೂ ಕಣ್ಣು ಕಾಣದವರಿಗೆ ಮರ್ಯಾದೆಯಿಲ್ಲ. ಕುರುಡ ಮತ್ತು ಕುಂಟ ಹೆಗಲುಕೊಟ್ಟು ದಾರಿ ಸಾಗುವ ಅಂಧಪಂಗು ನ್ಯಾಯವೊಂದೇ ಸ್ವಲ್ಪ ವಾಸಿ. ಸಾಂಖ್ಯ ದರ್ಶನದವರು ಅದನ್ನು ಜಡವಾದ ಪ್ರಕೃತಿ ಮತ್ತು ಚೇತನನಾದ ಪುರುಷರ ಸಂಬಂಧ ಹೇಳಲು ಬಳಸಿಕೊಂಡರು.

ನನ್ನನ್ನು ಬಹಳ ಕಾಡುವುದು ಅಂಧಗೋಲಾಂಗೂಲ ನ್ಯಾಯ. ಶಂಕರರ ಬ್ರಹ್ಮಸೂತ್ರ ಭಾಷ್ಯದಲ್ಲಿ ಇದು ಬರುತ್ತದೆ. ಕಾಡಿನಲ್ಲಿ ದಾರಿ ತಪ್ಪಿದ ಅಂಧನೊಬ್ಬನಿಗೆ ದುಷ್ಟನೊಬ್ಬ ಹೋರಿಯ ಬಾಲ ಹಿಡಿಸಿ, ಇದು ನಿನ್ನನ್ನು ಊರು ಮುಟ್ಟಿಸುತ್ತದೆ, ಬಿಡಬೇಡ ಎನ್ನುತ್ತಾನೆ. ಅವನು ನಂಬುತ್ತಾನೆ, ಬಾಲ ಬಿಡುವುದಿಲ್ಲ. ಹೋರಿ ಮುಳ್ಳುಕಂಟಿಯಲ್ಲಿ ಎಳೆದಾಡುತ್ತದೆ. ತಪ್ಪು ಉಪದೇಶ ನಂಬಿದವನ ಗತಿ ಹೀಗೇ ಎನ್ನುವುದಕ್ಕೆ ಈ ಕಥೆ. ಬಾಲ ಕೈಗಿತ್ತವನು ಮುಂದೆ ಏನಾದ ಎಂದು ಯಾರೂ ಕೇಳುವುದಿಲ್ಲ.

ಆನೆಯ ಕಥೆಯೂ ಹಾಗೆಯೇ. ಪಾಲಿ ಭಾಷೆಯ ಬೌದ್ಧ ಗ್ರಂಥ ‘ಉದಾನ’ದಲ್ಲಿರುವ ಹಳೆಯ ರೂಪದಲ್ಲಿ ಶ್ರಾವಸ್ತಿಯ ರಾಜ ಊರಿನ ಹುಟ್ಟುಕುರುಡರನ್ನೆಲ್ಲ ಸೇರಿಸಲು ಹೇಳುತ್ತಾನೆ. ರಾಜನ ಆಳು ಕೆಲವರಿಗೆ ತಲೆ ಮುಟ್ಟಿಸುತ್ತಾನೆ, ಕೆಲವರಿಗೆ ಕಿವಿ, ಕೆಲವರಿಗೆ ದಂತ, ಕೆಲವರಿಗೆ ಬಾಲ. ಪ್ರತಿಯೊಬ್ಬರಿಗೂ ‘ಆನೆ ಎಂದರೆ ಇದೇ’ ಎಂದು ಹೇಳುತ್ತಾನೆ. ಅವರು ಜಗಳವಾಡಿ ಗುದ್ದಾಡಿದಾಗ ರಾಜನಿಗೆ ಖುಷಿಯಾಗುತ್ತದೆ. ಇಡೀ ಆನೆಯನ್ನು ಸುತ್ತಲೂ ಮುಟ್ಟಿ ನೋಡಲು ಬಿಟ್ಟಿದ್ದರೆ ಕಥೆಯೇ ಇರುತ್ತಿರಲಿಲ್ಲ. ತಪ್ಪು ಮುಟ್ಟಿದವರ ಬೆರಳಿನದಲ್ಲ, ತುಂಡು ಮುಟ್ಟಿಸಿ ಪೂರ್ತಿ ಎಂದು ಹೇಳಿದವನದು. ಅಂಧತ್ವವನ್ನೂ ನ್ಯಾಯವನ್ನೂ ಒಟ್ಟಿಗೆ ಇಟ್ಟು ಯೋಚಿಸುವಾಗ ನಾನು ಮತ್ತೆ ಮತ್ತೆ ಬಂದು ನಿಲ್ಲುವುದು ಇಲ್ಲೇ. ಯಾರಿಗೆ ಕಾಣುವುದಿಲ್ಲ ಎನ್ನುವುದಕ್ಕಿಂತ ಯಾರು, ಏನನ್ನು, ಹೇಗೆ ಮುಟ್ಟಿಸಿದರು ಎಂಬುದನ್ನು ಕೇಳಬೇಕು.

ಭಾಷೆಯೊಳಗೇ ಇನ್ನೊಂದು ತೊಡಕಿದೆ. ‘ಸಾಕ್ಷಿ’ಯಲ್ಲಿ ‘ಅಕ್ಷಿ’ ಇದೆ. ಸಾಕ್ಷಾತ್ ನೋಡಿದವನೇ ಸಾಕ್ಷಿ ಎಂದು ಪಾಣಿನಿಯ ಸೂತ್ರವೇ ಹೇಳುತ್ತದೆ. ನಾವೂ ‘ಕಣ್ಣಾರೆ ಕಂಡೆ’ ಎಂದರೆ ನಂಬುತ್ತೇವೆ, ‘ಕಿವಿಯಾರೆ ಕೇಳಿದೆ’ ಎಂದರೆ ಅರೆಮನಸ್ಸು. ಕಂಡದ್ದು ದಿಟ, ಕೇಳಿದ್ದು ಸಟೆ ಎನ್ನುವ ರೂಢಿ ನಮ್ಮದು. ಕಾನೂನು ಮಾತ್ರ ಹಾಗೆ ಹೇಳುವುದಿಲ್ಲ. ಭಾರತೀಯ ಸಾಕ್ಷ್ಯ ಅಧಿನಿಯಮ 2023ರ 55ನೇ ಕಲಂ, ಅಂದರೆ ಹಳೆಯ ಸಾಕ್ಷ್ಯ ಕಾಯ್ದೆಯ 60ನೇ ಕಲಂ, ಬಾಯಿಸಾಕ್ಷ್ಯ ನೇರವಾಗಿರಬೇಕು ಎನ್ನುತ್ತದೆ. ನೋಡಬಹುದಾದ ಸಂಗತಿಯಾದರೆ ನೋಡಿದವರು ಬಂದು ಹೇಳಬೇಕು, ಕೇಳಬಹುದಾದದ್ದಾದರೆ ಕೇಳಿದವರು, ಬೇರೆ ಇಂದ್ರಿಯದಿಂದ ತಿಳಿಯುವುದಾದರೆ ಆ ಇಂದ್ರಿಯದಿಂದ ತಿಳಿದವರು. ಕಣ್ಣಿಗೆ ಮೇಲು ಜಾಗ, ಕಿವಿಗೆ ಕೆಳ ಜಾಗ ಎಂದು ಅಲ್ಲಿ ಎಲ್ಲೂ ಬರೆದಿಲ್ಲ. ಯಾರು ಸಾಕ್ಷಿ ಹೇಳಬಹುದು ಎನ್ನುವ 124ನೇ ಕಲಮಿನಲ್ಲೂ ಅಂಧತ್ವದ ಮಾತಿಲ್ಲ. ಪ್ರಶ್ನೆ ಅರ್ಥಮಾಡಿಕೊಂಡು ತಕ್ಕ ಉತ್ತರ ಕೊಡಬಲ್ಲವರಾದರೆ ಸಾಕು.

ಇದು ಕಾಗದದ ಮೇಲಿನ ಮಾತಲ್ಲ ಎಂದು ತೋರಿಸಿದ್ದು 2021ರ ಏಪ್ರಿಲ್ 27ರಂದು ಸುಪ್ರೀಂ ಕೋರ್ಟ್ ಕೊಟ್ಟ ಪಠಾಣ್ ಜಮಾಲ್ ವಲಿ ಪ್ರಕರಣದ ತೀರ್ಪು. ಆಂಧ್ರದಲ್ಲಿ ಅತ್ಯಾಚಾರಕ್ಕೊಳಗಾದ, ಹುಟ್ಟಿನಿಂದ ಕಣ್ಣು ಕಾಣದ ಯುವತಿ ಆರೋಪಿಯನ್ನು ಗುರುತಿಸಿದ್ದು ದನಿಯಿಂದ. ಅವನು ಮನೆಗೆ ಬಂದುಹೋಗುತ್ತಿದ್ದ ಪರಿಚಿತ. ಜಗತ್ತಿನೊಂದಿಗೆ ವ್ಯವಹರಿಸುವ ರೀತಿ ಬೇರೆ ಎಂಬ ಒಂದೇ ಕಾರಣಕ್ಕೆ ಅಂಗವಿಕಲ ಸಾಕ್ಷಿಯ ಮಾತನ್ನು ಕೀಳಾಗಿ ಕಾಣುವಂತಿಲ್ಲ ಎಂದು ಕೋರ್ಟ್ ಹೇಳಿತು, ಅತ್ಯಾಚಾರದ ಶಿಕ್ಷೆಯನ್ನು ಎತ್ತಿಹಿಡಿಯಿತು. ನ್ಯಾಯಾಧೀಶರಿಗೂ ಪೊಲೀಸರಿಗೂ ತರಬೇತಿ ಬೇಕು ಎಂದೂ ಸೂಚಿಸಿತು.

ದನಿಯ ಗುರುತು ಎಲ್ಲಿ ಗಟ್ಟಿ, ಎಲ್ಲಿ ಸಡಿಲ ಎಂಬುದನ್ನು ಇಲ್ಲಿ ಬಿಡಿಸಿ ಹೇಳಬೇಕು. ವರ್ಷಗಟ್ಟಲೆ ಕೇಳಿದ ದನಿ, ನಾಲ್ಕಾರು ವಾಕ್ಯ, ಮಾಮೂಲು ಮಾತಿನ ದನಿ, ಘಟನೆ ನಡೆದ ಕೂಡಲೇ ಹೇಳಿದ ಹೆಸರು ಇದ್ದರೆ ಗಟ್ಟಿ. ಅಪರಿಚಿತ ದನಿ, ಒಂದೆರಡು ಪದ, ಪಿಸುಮಾತು, ಸುತ್ತ ಗದ್ದಲ, ತಿಂಗಳುಗಳ ಅಂತರ ಇದ್ದರೆ ಸಡಿಲ. ಇದು ಕಣ್ಣಿಲ್ಲದವರಿಗೂ ಇರುವವರಿಗೂ ಒಂದೇ. ‘ಅಂಧರ ಕಿವಿ ಪವಾಡದ್ದು’ ಎಂಬ ಹೊಗಳಿಕೆಯೂ ಕೋರ್ಟಿನಲ್ಲಿ ಕೆಲಸಕ್ಕೆ ಬಾರದು. ಪಾಟೀ ಸವಾಲಿನಲ್ಲಿ ಅದು ಹತ್ತು ನಿಮಿಷ ನಿಲ್ಲುವುದಿಲ್ಲ. ತನಿಖಾಧಿಕಾರಿ ಹೇಳಿಕೆ ಬರೆದುಕೊಳ್ಳುವಾಗ ‘ಧ್ವನಿಯಿಂದ ಗುರುತಿಸಿದರು’ ಎಂದು ಒಂದು ಸಾಲು ಗೀಚಿ ಮುಗಿಸಿದರೆ ಕೇಸು ಅಲ್ಲೇ ಅರ್ಧ ಸತ್ತಂತೆ. ಎಷ್ಟು ವರ್ಷದ ಪರಿಚಯ, ಎಷ್ಟು ಸಲ ಮಾತಾಡಿದ್ದರು, ಆ ಹೊತ್ತಿನಲ್ಲಿ ಆತ ಆಡಿದ ಮಾತು ಯಾವುದು, ಎಷ್ಟು ದೂರದಿಂದ, ಬೇರೆ ಯಾರ ದನಿ ಕೇಳಿಸಿತು, ಮೊದಲು ಯಾರಿಗೆ ಹೆಸರು ಹೇಳಿದರು ಎಂಬುದನ್ನೆಲ್ಲ ಸಾಕ್ಷಿಯ ಮಾತಿನಲ್ಲೇ ಬರೆದುಕೊಳ್ಳಬೇಕು.

ಗುರುತು ಪರೇಡಿನ, ಅಂದರೆ ಶಂಕಿತನನ್ನು ಹಲವರ ನಡುವೆ ನಿಲ್ಲಿಸಿ ಗುರುತಿಸಲು ಹೇಳುವ ವಿಷಯಕ್ಕೆ ಬಂದರೆ, ಗುರುತಿಸುವವರು ಅಂಗವಿಕಲರಾಗಿದ್ದಾಗ ಮ್ಯಾಜಿಸ್ಟ್ರೇಟರ ಉಸ್ತುವಾರಿಯಲ್ಲಿ, ಆ ವ್ಯಕ್ತಿಗೆ ಹೊಂದುವ ವಿಧಾನದಲ್ಲಿ, ಚಿತ್ರೀಕರಣದೊಂದಿಗೆ ನಡೆಸಬೇಕೆಂದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ ಜಾಗಕ್ಕೆ ಬಂದ ನಾಗರಿಕ ಸುರಕ್ಷಾ ಸಂಹಿತೆಯ 54ನೇ ಕಲಂ ಹೇಳುತ್ತದೆ. ದನಿಯ ಪರೇಡ್ ಆದರೆ ಒಂದೇ ವಯಸ್ಸಿನ, ಒಂದೇ ಸೀಮೆಯ ಮಾತಿನ ಹಲವರು ಒಂದೇ ವಾಕ್ಯ ಹೇಳಬೇಕು. ಶಂಕಿತನೊಬ್ಬನೇ ಬೇರೆ ಸೀಮೆಯ ಕನ್ನಡ ಆಡಿದರೆ ಆ ಪರೇಡಿಗೆ ಅರ್ಥವಿಲ್ಲ. ನಡೆಸುವವರಿಗೂ ಶಂಕಿತ ಯಾರೆಂದು ತಿಳಿದಿರಬಾರದು. ತಿಳಿದಿದ್ದರೆ ಅವನ ಸರದಿ ಬಂದಾಗ ಅವರ ಉಸಿರೇ ಬದಲಾಗುತ್ತದೆ.

ಕಣ್ಣಿಗೆ ಕಟ್ಟುವ ಬಟ್ಟೆಯ ನಿಜವಾದ ಉಪಯೋಗ ಇದು: ಇಂಥ ಮಾಹಿತಿಯನ್ನು, ಇಂಥವರಿಂದ, ಇಂಥ ಹಂತದಲ್ಲಿ ಮರೆಮಾಡುವುದು. ಉತ್ತರಪತ್ರಿಕೆಯ ಮೇಲೆ ಹೆಸರಿನ ಬದಲು ಕೋಡ್ ಸಂಖ್ಯೆ ಹಾಕುವುದೂ ಇದೇ. ನ್ಯಾಯದೇವತೆಯ ಬಟ್ಟೆಗೂ ಈ ಅರ್ಥವನ್ನೇ ಹೇಳಲಾಗುತ್ತದೆ, ಆದರೆ ಅದು ಹುಟ್ಟಿದ್ದು ಹೀಗಲ್ಲ. ಗ್ರೀಕರ ಥೆಮಿಸ್, ರೋಮನ್ನರ ಜಸ್ಟಿಷಿಯಾ ಕಣ್ಣು ಬಿಟ್ಟವರೇ. 1494ರಲ್ಲಿ ಬಾಸೆಲ್‌ನಲ್ಲಿ ಅಚ್ಚಾದ ವಿಡಂಬನೆಯ ಪುಸ್ತಕವೊಂದರ ಮರದಚ್ಚಿನ ಚಿತ್ರದಲ್ಲಿ ವಿದೂಷಕನ ಟೋಪಿ ಹಾಕಿದ ಮೂರ್ಖನೊಬ್ಬ ಹಿಂದಿನಿಂದ ಬಂದು ಅವಳ ಕಣ್ಣಿಗೆ ಬಟ್ಟೆ ಕಟ್ಟುತ್ತಾನೆ. ಸಣ್ಣಪುಟ್ಟದ್ದಕ್ಕೂ ಕೋರ್ಟು ಹತ್ತುವ ಜನರ ಮೇಲಿನ ಗೇಲಿ ಅದು. ಐವತ್ತು ವರ್ಷ ಕಳೆಯುವಷ್ಟರಲ್ಲಿ, 1543ರಲ್ಲಿ, ಬರ್ನ್ ನಗರದ ಕಾರಂಜಿಯ ಮೇಲೆ ಅದೇ ಬಟ್ಟೆ ಗೌರವದ ಗುರುತಾಗಿ ನಿಂತಿತ್ತು, ಕಾಲಬುಡದಲ್ಲಿ ಪೋಪ್, ಚಕ್ರವರ್ತಿ, ಸುಲ್ತಾನ ಮತ್ತು ನಗರದ ಮುಖ್ಯಸ್ಥ. ಲಂಡನ್ನಿನ ಕ್ರಿಮಿನಲ್ ನ್ಯಾಯಾಲಯವಾದ ಓಲ್ಡ್ ಬೇಲಿಯ ಮೇಲಿನ ಪ್ರತಿಮೆಗೆ ಬಟ್ಟೆಯೇ ಇಲ್ಲ. 2024ರ ಅಕ್ಟೋಬರಿನಲ್ಲಿ ನಮ್ಮ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳ ಗ್ರಂಥಾಲಯದಲ್ಲಿ ಕಾಣಿಸಿಕೊಂಡ ಸೀರೆಯುಟ್ಟ ಪ್ರತಿಮೆಯೂ ಕಣ್ಣು ತೆರೆದಿದೆ. ಒಂದು ಕೈಯಲ್ಲಿ ತಕ್ಕಡಿ, ಇನ್ನೊಂದರಲ್ಲಿ ಕತ್ತಿಯ ಬದಲು ಸಂವಿಧಾನ.

‘ಕಾನೂನು ಕುರುಡಲ್ಲ’ ಎಂಬ ಮಾತು ಆಗ ಎಲ್ಲೆಡೆ ಓಡಾಡಿತು. ಹೇಳಿದವರ ಆಶಯ ಒಳ್ಳೆಯದೇ. ಆದರೆ ಆ ವಾಕ್ಯದಲ್ಲಿ ‘ಕುರುಡು’ ಎಂಬುದು ಬೈಗುಳದ ಜಾಗದಲ್ಲಿ ಕೂತಿದೆ. ಹಳೆಯ ಪ್ರತಿಮೆಯಲ್ಲಿ ಅದೇ ಕುರುಡು ಹೊಗಳಿಕೆಯ ಜಾಗದಲ್ಲಿ ಇತ್ತು. ಎರಡೂ ಸಲ ಕಣ್ಣು ಕಾಣದ ಮನುಷ್ಯನ ಬಗ್ಗೆ ಯಾರೂ ಯೋಚಿಸುತ್ತಿರಲಿಲ್ಲ.

ಬಟ್ಟೆ ಕಟ್ಟಿಕೊಳ್ಳುವುದಕ್ಕೂ ಕಾಣದಿರುವುದಕ್ಕೂ ಇರುವ ಅಂತರ ಮಹಾಭಾರತದ ಒಂದೇ ಮನೆಯಲ್ಲಿದೆ. ಗಾಂಧಾರಿಯದು ಬಟ್ಟೆ, ಧೃತರಾಷ್ಟ್ರನದು ಅಂಧತ್ವ. ಹಿರಿಯನಾದರೂ ಕಣ್ಣಿಲ್ಲವೆಂದು ಪಟ್ಟ ಪಾಂಡುವಿಗೆ ಹೋಯಿತು. ಜೂಜಿನ ಸಭೆಯಲ್ಲಿ ನಡೆದ ಅನ್ಯಾಯವನ್ನು ನಾವು ಸುಲಭವಾಗಿ ಅವನ ಕುರುಡಿಗೆ ಕಟ್ಟುತ್ತೇವೆ. ಮೂಲದಲ್ಲಿ ಅವನು ಹರ್ಷದಿಂದ ಮತ್ತೆ ಮತ್ತೆ ‘ಗೆದ್ದದ್ದೇನು, ಗೆದ್ದದ್ದೇನು’ ಎಂದು ಕೇಳುತ್ತಿರುತ್ತಾನೆ. ನಡೆಯುತ್ತಿದ್ದುದೆಲ್ಲ ಅವನ ಕಿವಿಗೆ ಬೀಳುತ್ತಲೇ ಇತ್ತು. ಕೆಟ್ಟದ್ದು ಅವನ ಮನಸ್ಸು. ಭೀಷ್ಮ, ದ್ರೋಣರಿಗೆ ಎರಡೆರಡು ಕಣ್ಣು ಇದ್ದವು.

ಧರ್ಮಶಾಸ್ತ್ರಗಳಲ್ಲಿ ಈ ಅಸಡ್ಡೆ ಆಸ್ತಿಯ ಲೆಕ್ಕಕ್ಕೆ ಇಳಿಯಿತು. ಹುಟ್ಟುಕುರುಡನಿಗೂ ಹುಟ್ಟುಕಿವುಡನಿಗೂ ಪಾಲಿಲ್ಲ ಎಂದು ಮನುಸ್ಮೃತಿ 9ನೇ ಅಧ್ಯಾಯದಲ್ಲಿ ಹೇಳುತ್ತದೆ, ಅನ್ನಬಟ್ಟೆ ಕೊಟ್ಟು ಸಾಕಬೇಕು ಎಂದಷ್ಟೇ ಮುಂದಿನ ಶ್ಲೋಕದ ಸಮಾಧಾನ. ಸುಳ್ಳು ಸಾಕ್ಷಿ ಹೇಳಿದವನು ಕುರುಡನಾಗಿ, ಓಡು ಹಿಡಿದು ಶತ್ರುವಿನ ಮನೆ ಬಾಗಿಲಲ್ಲಿ ಬೇಡುತ್ತಾನೆ ಎಂಬ ಶಾಪವೂ ಅದೇ ಗ್ರಂಥದ್ದು. ಪಾಲಿಲ್ಲದವರ ಬಗ್ಗೆ ಯಾಜ್ಞವಲ್ಕ್ಯ ಸ್ಮೃತಿ ಕೊಡುವ ಪಟ್ಟಿಯಲ್ಲೂ ಅಂಧರಿದ್ದಾರೆ. ಅದಕ್ಕೆ ಕಲ್ಯಾಣದಲ್ಲಿ, ಚಾಲುಕ್ಯ ವಿಕ್ರಮಾದಿತ್ಯನ ಕಾಲದಲ್ಲಿ, ವಿಜ್ಞಾನೇಶ್ವರ ಬರೆದ ಮಿತಾಕ್ಷರ ವ್ಯಾಖ್ಯಾನವೇ ದೇಶದ ಬಹುಭಾಗಕ್ಕೆ ಹಿಂದೂ ಉತ್ತರಾಧಿಕಾರದ ಆಧಾರವಾಯಿತು. ಮಿತಾಕ್ಷರ ಒಂದಿಷ್ಟು ಕಿಟಕಿ ತೆರೆಯುತ್ತದೆ: ದೋಷ ಆಸ್ತಿ ವಿಭಾಗಕ್ಕೆ ಮೊದಲೇ ಇದ್ದರೆ ಮಾತ್ರ ಪಾಲು ತಪ್ಪುತ್ತದೆ, ಅಂಥವರ ನಿರ್ದೋಷ ಮಕ್ಕಳಿಗೆ ಪಾಲು ಉಂಟು. ಆದರೂ ಬಾಗಿಲು ಮುಚ್ಚಿಯೇ ಇತ್ತು. ಅದು ತೆರೆದದ್ದು 1928ರ ಹಿಂದೂ ಉತ್ತರಾಧಿಕಾರ ಅನರ್ಹತೆ ನಿವಾರಣಾ ಕಾಯ್ದೆಯಿಂದ. ಪೂರ್ತಿ ತೆರೆದದ್ದು 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯ 28ನೇ ಕಲಮಿನಿಂದ. ರೋಗ, ಊನ, ಅಂಗವಿಕಾರ ಯಾವುದೂ ಪಾಲು ತಪ್ಪಿಸಲು ಕಾರಣವಲ್ಲ. ಈಗಲೂ ‘ಅವನಿಗೆ ಯಾಕೆ ಜಮೀನು, ನಾವೇ ನೋಡಿಕೊಳ್ಳುತ್ತೇವಲ್ಲ’ ಎಂದು ಹಕ್ಕು ಬಿಡುಗಡೆ ಪತ್ರಕ್ಕೆ ಹೆಬ್ಬೆಟ್ಟು ಒತ್ತಿಸಿಕೊಳ್ಳುವವರು ಸಾವಿರ ವರ್ಷಕ್ಕೂ ಹಿಂದಿನ ಶ್ಲೋಕವನ್ನೇ ಆಡುತ್ತಿದ್ದಾರೆ. ಸಾಕುವ ಮಾತು ಅಲ್ಲಿಯೂ ಇತ್ತು.

ಇನ್ನು ತೀರ್ಪು ಕೊಡುವ ಕುರ್ಚಿ. ಶತಮಾನಗಳ ಕಾಲ ಕಣ್ಣಿಗೆ ಬಟ್ಟೆ ಕಟ್ಟಿದ ಹೆಂಗಸನ್ನು ಆದರ್ಶವೆಂದು ನಿಲ್ಲಿಸಿದ ಕಟ್ಟಡಗಳಲ್ಲೇ ಅಂಧರಿಗೆ ನ್ಯಾಯಾಧೀಶರಾಗಲು ಆಗದು ಎನ್ನಲಾಯಿತು. ಮಧ್ಯಪ್ರದೇಶ ನ್ಯಾಯಾಂಗ ಸೇವೆಯ 1994ರ ನಿಯಮಗಳ 6ಎ ನಿಯಮ ದೃಷ್ಟಿದೋಷ ಇರುವವರನ್ನು ಹೊರಗಿಟ್ಟಿತ್ತು. ಅಭ್ಯರ್ಥಿಯೊಬ್ಬರ ತಾಯಿ ಬರೆದ ಪತ್ರವನ್ನೇ ಅರ್ಜಿಯಾಗಿ ಪರಿಗಣಿಸಿದ ಸುಪ್ರೀಂ ಕೋರ್ಟ್ 2025ರ ಮಾರ್ಚ್ 3ರಂದು ಆ ನಿಯಮದ ಆ ಭಾಗವನ್ನು ರದ್ದುಪಡಿಸಿತು. ಅಂಗವೈಕಲ್ಯವೊಂದನ್ನೇ ಮುಂದಿಟ್ಟು ನ್ಯಾಯಾಂಗ ಸೇವೆಯ ಅವಕಾಶ ನಿರಾಕರಿಸುವಂತಿಲ್ಲ ಎಂದಿತು. ಆರು ವರ್ಷ ಹಿಂದೆ, 2019ರಲ್ಲಿ, ಇದೇ ನ್ಯಾಯಾಲಯ ತಮಿಳುನಾಡಿನ ಸಿವಿಲ್ ನ್ಯಾಯಾಧೀಶರ ಹುದ್ದೆಗೆ ದೃಷ್ಟಿನಷ್ಟ ಶೇ. 40ರಿಂದ 50ರೊಳಗಿದ್ದವರು ಮಾತ್ರ ಸಾಕು ಎಂಬ ಮಿತಿಯನ್ನು ಒಪ್ಪಿತ್ತು. ಅಷ್ಟರಲ್ಲಿ ಜಾಕ್ ಯಾಕೂಬ್ ದಕ್ಷಿಣ ಆಫ್ರಿಕಾದ ಸಂವಿಧಾನ ನ್ಯಾಯಾಲಯದಲ್ಲಿ 1998ರಿಂದ 2013ರವರೆಗೆ ಕೂತು ಎದ್ದಾಗಿತ್ತು. ಲಂಡನ್ನಿನ ಬೋ ಸ್ಟ್ರೀಟ್ ಮ್ಯಾಜಿಸ್ಟ್ರೇಟ್ ಜಾನ್ ಫೀಲ್ಡಿಂಗ್ ಅಂಧನಾಗಿಯೇ ಕೆಲಸ ಮಾಡಿ 1780ರಲ್ಲಿ ತೀರಿಕೊಂಡು ಎರಡು ಶತಮಾನ ದಾಟಿತ್ತು.

ವಿರೋಧಿಸುವವರ ಬಲವಾದ ವಾದ ಒಂದೇ: ಸಾಕ್ಷಿಯ ಮುಖಭಾವ ನೋಡದೆ ಸತ್ಯ ತಿಳಿಯುವುದು ಹೇಗೆ? ಮೇಲ್ಮನವಿ ಕೇಳುವ ಯಾವ ನ್ಯಾಯಮೂರ್ತಿಯೂ ಸಾಕ್ಷಿಯ ಮುಖ ನೋಡಿರುವುದಿಲ್ಲ. ಜೀವಾವಧಿ ಶಿಕ್ಷೆಯನ್ನು ಎತ್ತಿಹಿಡಿಯುವುದೂ ಬಿಡುಗಡೆ ಮಾಡುವುದೂ ಟೈಪಾದ ಹಾಳೆ ಓದಿಯೇ. ಬೆವರು, ತಡವರಿಕೆ, ನೋಟ ತಪ್ಪಿಸುವುದು ಇವು ಸುಳ್ಳಿಗಿಂತ ಹೆಚ್ಚಾಗಿ ಹೆದರಿಕೆಯ ಗುರುತು. ಮೊದಲ ಸಲ ಕೋರ್ಟ್ ಮೆಟ್ಟಿಲು ಹತ್ತಿದ ಪ್ರಾಮಾಣಿಕ ಮನುಷ್ಯನಲ್ಲಿ ಇವೆಲ್ಲ ಇರುತ್ತವೆ.

ಮತ್ತೊಂದು ಮಾತು. ಸಾಕ್ಷಿ ಎರಡು ಕೈ ಅಗಲಿಸಿ ‘ಇಷ್ಟುದ್ದ ಮಚ್ಚು’ ಎನ್ನುತ್ತಾರೆ. ಎಲ್ಲರೂ ನೋಡುತ್ತಾರೆ, ಬೆರಳಚ್ಚುಗಾರರು ‘ಇಷ್ಟುದ್ದ’ ಎಂದೇ ಟೈಪ್ ಮಾಡುತ್ತಾರೆ. ಮೂರು ವರ್ಷದ ಮೇಲೆ ಮೇಲ್ಮನವಿಯಲ್ಲಿ ‘ಇಷ್ಟು’ ಎಂದರೆ ಎಷ್ಟು? ‘ಅಗೋ ಅವನೇ’ ಎಂದು ಬೆರಳು ತೋರಿಸಿದ್ದು ಯಾರ ಕಡೆಗೆ? ಕಣ್ಣು ಕಾಣದ ನ್ಯಾಯಾಧೀಶರ ಮುಂದೆ ಇದು ನಡೆಯುವುದಿಲ್ಲ. ‘ಸುಮಾರು ಒಂದೂವರೆ ಅಡಿ ಎಂದು ಕೈಯಲ್ಲಿ ತೋರಿಸಿದರು’, ‘ಎರಡನೇ ಆರೋಪಿಯನ್ನು ಗುರುತಿಸಿದರು’ ಎಂದು ಬಾಯಿಬಿಟ್ಟು ಹೇಳಲೇಬೇಕು, ಹೇಳಿದ್ದು ದಾಖಲೆಗೆ ಹೋಗುತ್ತದೆ. ಒಳ್ಳೆಯ ಕೋರ್ಟಿನಲ್ಲಿ ಯಾವತ್ತೂ ಆಗಬೇಕಿದ್ದ ಕೆಲಸ ಇದು.

ಕುರ್ಚಿಯಲ್ಲಿ ಕೂತವರಿಗಾಗಲಿ, ವಕೀಲರಿಗಾಗಲಿ, ಕಕ್ಷಿದಾರರಿಗಾಗಲಿ ದಿನನಿತ್ಯದ ಜಗಳ ಇರುವುದು ಕಾಗದದ ಜೊತೆ. ಪರದೆಯ ಮೇಲಿರುವುದನ್ನು ಓದಿ ಹೇಳುವ ತಂತ್ರಾಂಶ, ಅಂದರೆ ಸ್ಕ್ರೀನ್ ರೀಡರ್, ಅಕ್ಷರವನ್ನು ಓದುತ್ತದೆ, ಚಿತ್ರವನ್ನಲ್ಲ. ನಮ್ಮಲ್ಲಿ ಒಂದು ಅರ್ಜಿಯ ಪಯಣ ಹೀಗಿರುತ್ತದೆ. ಕಂಪ್ಯೂಟರಿನಲ್ಲಿ ಚೊಕ್ಕವಾಗಿ ಟೈಪ್ ಮಾಡುತ್ತಾರೆ. ಅಲ್ಲಿಯವರೆಗೆ ಅದು ಅಕ್ಷರ. ಆಮೇಲೆ ಪ್ರಿಂಟ್ ತೆಗೆದು, ಪ್ರತಿ ಪುಟಕ್ಕೂ ರುಜು ಹಾಕಿ, ಮೊಹರು ಒತ್ತಿ, ಎಲ್ಲವನ್ನೂ ಸ್ಕ್ಯಾನ್ ಮಾಡುತ್ತಾರೆ. ಅಲ್ಲಿಗೆ ಅದು ಫೋಟೊ. ಕಿವಿಗೆ ಬರುವುದು ‘ಖಾಲಿ ಪುಟ’ ಎಂಬ ಒಂದೇ ಮಾತು.

ಫೋಟೊದಿಂದ ಅಕ್ಷರ ಹೊರತೆಗೆಯುವ ಓಸಿಆರ್ ಇದೆ, ಕನ್ನಡಕ್ಕೂ ಇದೆ. ಹಾಳೆ ನೆಟ್ಟಗೆ ಇಟ್ಟು 300 ಡಿಪಿಐನಲ್ಲಿ ಸ್ಕ್ಯಾನ್ ಮಾಡಿದ್ದರೆ ಪರವಾಗಿಲ್ಲ. ಓರೆಯಾಗಿದ್ದರೆ, ಮೊಹರು ಅಕ್ಷರದ ಮೇಲೆ ಬಿದ್ದಿದ್ದರೆ, ಜೆರಾಕ್ಸಿನ ಜೆರಾಕ್ಸ್ ಆಗಿದ್ದರೆ ಒತ್ತಕ್ಷರಗಳು ಮೊದಲು ಉದುರುತ್ತವೆ. ದ ಮತ್ತು ಧ, ಬ ಮತ್ತು ಭ ಅದಲುಬದಲಾಗುತ್ತವೆ, ಏಕೆಂದರೆ ವ್ಯತ್ಯಾಸ ಇರುವುದು ಹೊಟ್ಟೆ ಸೀಳಿದ ಒಂದು ಸಣ್ಣ ಗೀರಿನಲ್ಲಿ. ಮಾತಿನ ನಡುವೆ ಇವನ್ನು ಕಿವಿ ಸರಿಪಡಿಸಿಕೊಳ್ಳುತ್ತದೆ. ಸರ್ವೆ ನಂಬರಿನಲ್ಲಿ 3 ಹೋಗಿ 8 ಆದರೆ ಸರಿಪಡಿಸಿಕೊಳ್ಳಲು ಏನೂ ಇಲ್ಲ.

ಕನ್ನಡಕ್ಕೆ ಮಾತ್ರ ಇರುವ ಕಷ್ಟ ಬೇರೆ. ಹಳೆಯ ನುಡಿ, ಬರಹ ಫಾಂಟುಗಳಲ್ಲಿ ಟೈಪ್ ಮಾಡಿದ ಕಡತದ ಒಳಗೆ ಕನ್ನಡವೇ ಇರುವುದಿಲ್ಲ. ಇರುವುದು ರೋಮನ್ ಅಕ್ಷರಗಳು, ಅವುಗಳಿಗೆ ಫಾಂಟ್ ಕನ್ನಡದ ವೇಷ ಹಾಕಿಸಿರುತ್ತದೆ. ಸ್ಕ್ರೀನ್ ರೀಡರಿಗೆ ವೇಷ ತಿಳಿಯುವುದಿಲ್ಲ, ಒಳಗಿನದನ್ನು ಓದುತ್ತದೆ. ಕಣ್ಣಿಗೆ ಕನ್ನಡ, ಕಿವಿಗೆ ಕಲಸುಮೇಲೋಗರ. ಕನ್ನಡದ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತ ಇರುವ ಯುನಿಕೋಡಿಗೆ ಬದಲಿಸಿದ ಮೇಲೂ ಟೈಪಿಂಗಿನ ಹಳೆಯ ಚಾಳಿ ಉಳಿದಿರುತ್ತದೆ. ಅರ್ಕಾವೊತ್ತು ಮೂಡಿಸುವ ಕೀಲಿ ಗೊತ್ತಿಲ್ಲದವರು ಕನ್ನಡದ ಒಂಬತ್ತನ್ನು ಒತ್ತಿ ‘ಅಜಿ೯ದಾರ’ ಎಂದು ಬರೆಯುತ್ತಾರೆ. ನೋಡುವವರಿಗೆ ಅರ್ಜಿದಾರ, ಕೇಳುವವರಿಗೆ ‘ಅಜಿ ಒಂಬತ್ತು ದಾರ’. ಅನುಸ್ವಾರದ ಬದಲು ಸೊನ್ನೆ ಒತ್ತಿದ ‘ಸ೦ಖ್ಯೆ’ ಎಂಬುದು ‘ಸ ಸೊನ್ನೆ ಖ್ಯೆ’ ಆಗುತ್ತದೆ. ಇಡೀ ಕಡತದಲ್ಲಿ ‘ಅರ್ಜಿದಾರ’ ಎಂದು ಹುಡುಕಿದರೆ ಒಂದೂ ಸಿಗುವುದಿಲ್ಲ. ನೂರು ಪುಟದ ಕಡತದಲ್ಲಿ ಬೇಕಾದ ಜಾಗಕ್ಕೆ ಹಾರಿಹೋಗಲು ಅಂಧ ವಕೀಲರಿಗೆ ಇರುವ ಮುಖ್ಯ ದಾರಿಯೇ ಹುಡುಕಾಟ. ಅದು ಮುಚ್ಚಿದರೆ ಮೊದಲ ಪುಟದಿಂದ ಕೇಳುತ್ತಲೇ ಬರಬೇಕು.

ಮಾಡಬೇಕಾದ್ದು ಹೆಚ್ಚೇನಿಲ್ಲ. ಯುನಿಕೋಡಿನಲ್ಲೇ ಟೈಪ್ ಮಾಡುವುದು. ಶೀರ್ಷಿಕೆಯನ್ನು ದಪ್ಪ ಅಕ್ಷರದಿಂದ ಮಾತ್ರ ತೋರಿಸದೆ ಶೀರ್ಷಿಕೆ ಶೈಲಿಯಲ್ಲೇ ಗುರುತಿಸುವುದು, ಆಗ ಒಂದು ಕೀಲಿಯಲ್ಲಿ ಶೀರ್ಷಿಕೆಯಿಂದ ಶೀರ್ಷಿಕೆಗೆ ಹೋಗಬಹುದು. ವರ್ಡ್ ಕಡತದಿಂದ ನೇರವಾಗಿ ಪಿಡಿಎಫ್ ಉಳಿಸುವುದು. ರುಜು ಇರುವ ಪುಟವನ್ನು ಮಾತ್ರ ಸ್ಕ್ಯಾನ್ ಮಾಡಿ ಸೇರಿಸುವುದು, ಅಥವಾ ಡಿಜಿಟಲ್ ಸಹಿ ಹಾಕುವುದು. ಮೊಹರನ್ನು ಅಂಚಿನ ಖಾಲಿ ಜಾಗದಲ್ಲಿ ಒತ್ತುವುದು. ದಾಖಲೆಗಳಿಗೆ ಬುಕ್‌ಮಾರ್ಕ್ ಹಾಕುವುದು. ಫೋಟೊ ಇದ್ದರೆ ಎರಡು ಸಾಲಿನ ವಿವರಣೆ ಕೊಡುವುದು. ಕೋರ್ಟುಗಳ ಗಣಕೀಕರಣ ನೋಡಿಕೊಳ್ಳುವ ಸುಪ್ರೀಂ ಕೋರ್ಟಿನ ಇ-ಸಮಿತಿ ಹೊರಡಿಸಿದ ಕಾರ್ಯವಿಧಾನ ಕೇಳುವುದೂ ಬಹುಮಟ್ಟಿಗೆ ಇದನ್ನೇ. ನಕ್ಷೆಯ ವಿಷಯದಲ್ಲಂತೂ ನಮ್ಮ ಹಳೆಯ ಪತ್ರಬರಹಗಾರರು ದಾರಿ ಮಾಡಿಟ್ಟಿದ್ದಾರೆ. ಕ್ರಯಪತ್ರದ ಕೊನೆಯಲ್ಲಿ ಬರುವ ಚಕ್ಕುಬಂದಿ, ಪೂರ್ವಕ್ಕೆ ಇಂಥವರ ಜಮೀನು, ಪಶ್ಚಿಮಕ್ಕೆ ಓಣಿ, ಉತ್ತರಕ್ಕೆ ಹಳ್ಳ, ದಕ್ಷಿಣಕ್ಕೆ ಸರ್ಕಾರಿ ರಸ್ತೆ, ಮಾತಿನಲ್ಲಿ ಬರೆದ ನಕ್ಷೆಯೇ. ಚಿತ್ರ ಬೇಕಿಲ್ಲದೆ ಜಮೀನಿನ ನಾಲ್ಕು ಮಗ್ಗುಲು ಮನಸ್ಸಿಗೆ ಬರುತ್ತವೆ.

ಬ್ರೈಲ್ ಇನ್ನು ಬೇಕಿಲ್ಲ, ಎಲ್ಲ ದನಿಯಲ್ಲೇ ಆಗುತ್ತದೆ ಎನ್ನುವವರಿದ್ದಾರೆ. ನನಗೆ ಒಪ್ಪಿಗೆಯಿಲ್ಲ. ‘ನ್ಯಾಯ’ ಎಂಬ ಪದವನ್ನೇ ತೆಗೆದುಕೊಳ್ಳಿ. ಭಾರತೀಯ ಭಾಷೆಗಳಿಗೆಂದು ಇರುವ ಭಾರತಿ ಬ್ರೈಲ್‌ನಲ್ಲಿ ಅದಕ್ಕೆ ಐದು ಕೋಶ, ಒಂದೊಂದು ಕೋಶವೂ ಆರು ಚುಕ್ಕೆಗಳ ಜಾಗ. ಮೊದಲ ಕೋಶದಲ್ಲಿ 4ನೇ ಚುಕ್ಕೆಯೊಂದೇ ಇರುತ್ತದೆ, ಹಲಂತದ ಗುರುತು, ಅಂದರೆ ಮುಂದಿನ ವ್ಯಂಜನಕ್ಕೆ ಸ್ವರವಿಲ್ಲ ಎಂಬುದು. ಆಮೇಲೆ ನ, ಚುಕ್ಕೆಗಳು 1, 3, 4, 5. ಯ, 1, 3, 4, 5, 6. ದೀರ್ಘ ಆ, 3, 4, 5. ಕೊನೆಗೆ ಮತ್ತೆ ಯ. ಅಚ್ಚಿನಲ್ಲಿ ಒತ್ತು ಕೆಳಗೆ ತೂಗುತ್ತದೆ, ಇಲ್ಲಿ ಒತ್ತಕ್ಷರ ಬರಲಿದೆ ಎಂಬ ಸೂಚನೆ ಬೆರಳಿಗೆ ಮೊದಲೇ ಸಿಗುತ್ತದೆ. ‘ದನ’ವೋ ‘ಧನ’ವೋ ಎಂಬ ಅನುಮಾನ ಬೆರಳಿಗೆ ಇಲ್ಲ, ವೇಗವಾಗಿ ಓದುವ ಯಂತ್ರದ ದನಿಯಲ್ಲಿ ಇದೆ. ಹಾಗೆಂದು ಇಡೀ ತೀರ್ಪನ್ನು ಬ್ರೈಲ್‌ಗೆ ಇಳಿಸಿದರೆ ಹೊರಲಾರದ ಕಟ್ಟು. 40 ಕೋಶದ 25 ಸಾಲು ಬಂದರೆ ಒಂದು ಪುಟ ಮುಗಿಯಿತು. ಉದ್ದದ ವಾದ ಕಿವಿಗೆ ಇರಲಿ. ಹೆಸರು, ದಿನಾಂಕ, ಸರ್ವೆ ನಂಬರು, ಮೊಬಲಗು, ಕಲಮಿನ ಸಂಖ್ಯೆ ಇವು ಬೆರಳಿಗೆ ಬರಲಿ.

ರುಜುವಿನ ಮಾತೂ ಇದೆ. ಸಹಿ ಮಾಡಬಲ್ಲ ಅಂಧರಿಗೂ ‘ಹೆಬ್ಬೆಟ್ಟು ಒತ್ತಿ, ಅದೇ ಸೇಫ್’ ಎನ್ನುವ ಗುಮಾಸ್ತರು ಇಂದಿಗೂ ಇದ್ದಾರೆ. ವಿಕಲಚೇತನರ ಹಕ್ಕುಗಳ ಕಾಯ್ದೆ 2016ರ 13ನೇ ಕಲಂ ಆಸ್ತಿ ಹೊಂದಲು, ಹಣಕಾಸು ನಡೆಸಲು ಸಮಾನ ಹಕ್ಕು ಕೊಟ್ಟಿದೆ. ಚೆಕ್‌ಬುಕ್, ಎಟಿಎಂ ನಿರಾಕರಿಸಬಾರದು ಎಂದು ರಿಸರ್ವ್ ಬ್ಯಾಂಕ್ 2008ರ ಜೂನಿನಲ್ಲೇ ಸುತ್ತೋಲೆ ಹೊರಡಿಸಿದೆ. ಸಹಿ ಗೆರೆ ತಪ್ಪದಿರಲು ಬೇಕಾದ್ದು ಪೋಸ್ಟ್ ಕಾರ್ಡಿನಷ್ಟು ದಪ್ಪದ ರಟ್ಟು, ಅದರಲ್ಲಿ ಸುಮಾರು 8 ಸೆಂ.ಮೀ. ಉದ್ದ, ಒಂದೂವರೆ ಸೆಂ.ಮೀ. ಎತ್ತರದ ಕಿಂಡಿ. ಕಿಂಡಿಯ ಕೆಳಗಂಚನ್ನು ಸಹಿಯ ಗೆರೆಗೆ ಹೊಂದಿಸಿ ಹಿಡಿದರೆ ಆಯಿತು. ಕಿಂಡಿ ತೀರ ಕಿರಿದಾದರೆ ದೀರ್ಘ, ಒತ್ತು ರಟ್ಟಿಗೆ ತಾಗಿ ಸಹಿ ಪ್ರತಿ ಸಲ ಬೇರೆ ಬರುತ್ತದೆ, ಬ್ಯಾಂಕ್ ಅದನ್ನು ಹೊಂದುವುದಿಲ್ಲ ಎನ್ನುತ್ತದೆ.

ಉಯಿಲು ಮಾಡಲು ಅಂಧತ್ವ ಅಡ್ಡಿಯಲ್ಲ. ತಾವು ಮಾಡುತ್ತಿರುವುದು ಏನೆಂದು ತಿಳಿದಿದ್ದರೆ ಸಾಕು ಎಂದು 1925ರ ಉತ್ತರಾಧಿಕಾರ ಕಾಯ್ದೆಯ 59ನೇ ಕಲಮಿನ ವಿವರಣೆಯೇ ಇದೆ. ಆಮೇಲೆ ಬಿದ್ದುಹೋಗುವುದು ಬೇರೆ ಕಾರಣಕ್ಕೆ. ಓದಿ ಹೇಳಿದವನೇ ಆಸ್ತಿ ಪಡೆಯುವವನಾಗಿರುತ್ತಾನೆ. ಆದ್ದರಿಂದ ಲಾಭವಿಲ್ಲದ ಮೂರನೆಯವರು ಪೂರ್ತಿ ಓದಿ ಹೇಳಬೇಕು. ಯಾರು, ಯಾವ ಭಾಷೆಯಲ್ಲಿ ಓದಿದರು, ಬರೆದವರು ಒಪ್ಪಿದರು ಎಂಬ ಷರಾ ಇರಬೇಕು. ಇಬ್ಬರು ಸಾಕ್ಷಿಗಳು ರುಜು ಮಾಡಬೇಕು, ಅವರೂ ಪಾಲುದಾರರಲ್ಲದಿದ್ದರೆ ಒಳ್ಳೆಯದು. ಪ್ರತಿ ಪುಟಕ್ಕೂ ಸಹಿ ಇರಬೇಕು, ನಡುವೆ ಹಾಳೆ ಬದಲಾಗದಂತೆ. ಹೋರಿಯ ಬಾಲ ಕೈಗೆ ಬರುವುದು ಇಂಥ ಹೊತ್ತಿನಲ್ಲೇ.

ಈಗಿನ ಹೋರಿ ಮೊಬೈಲಿನೊಳಗಿದೆ. ಖಾತೆ ತೆರೆಯಲು ಡಿಜಿಟಲ್ ಕೆವೈಸಿ, ಅಂದರೆ ಗ್ರಾಹಕರ ಗುರುತಿನ ತಪಾಸಣೆ: ಮುಖವನ್ನು ವೃತ್ತದೊಳಗೆ ಹಿಡಿಯಿರಿ, ಕಣ್ಣು ಮಿಟುಕಿಸಿ, ಕಾರ್ಡಿನ ನಾಲ್ಕು ಮೂಲೆ ಕಾಣುವಂತೆ ಫೋಟೊ ತೆಗೆಯಿರಿ, ಬಿಳಿ ಹಾಳೆಯಲ್ಲಿ ಸಹಿ ಮಾಡಿ ತೋರಿಸಿ, ಸಮಯ ಮುಗಿಯುವುದರೊಳಗೆ ಒಟಿಪಿ ಹಾಕಿ. ವೃತ್ತ ಎಡಕ್ಕಿದೆಯೋ ಬಲಕ್ಕಿದೆಯೋ ಎಂದು ಆ್ಯಪ್ ಹೇಳುವುದಿಲ್ಲ. ಆ್ಯಸಿಡ್ ದಾಳಿಯಲ್ಲಿ ರೆಪ್ಪೆ ಕಳೆದುಕೊಂಡವರು ಮಿಟುಕಿಸುವುದು ಹೇಗೆ? ಬದುಕಿರುವುದಕ್ಕೆ ಮಿಟುಕೇ ಪುರಾವೆ ಎಂದು ಬರೆದವರು ಯಾರು? ಆ್ಯಸಿಡ್ ದಾಳಿಯ ಸಂತ್ರಸ್ತರೂ ದೃಷ್ಟಿಹೀನ ವಕೀಲರೊಬ್ಬರೂ ಹೂಡಿದ ಅರ್ಜಿಗಳ ಮೇಲೆ ಸುಪ್ರೀಂ ಕೋರ್ಟ್ 2025ರ ಏಪ್ರಿಲ್ 30ರಂದು ತೀರ್ಪು ಕೊಟ್ಟಿತು. ಡಿಜಿಟಲ್ ಸೇವೆ ಕೈಗೆಟಕುವುದು 21ನೇ ವಿಧಿಯ ಬದುಕುವ ಹಕ್ಕಿನ ಭಾಗ ಎಂದು ಹೇಳಿ 20 ನಿರ್ದೇಶನ ನೀಡಿತು, ಮಿಟುಕಿಗೆ ಪರ್ಯಾಯ ಇರಬೇಕು ಎಂಬುದೂ ಅದರಲ್ಲಿದೆ. ದನಿಯಲ್ಲಿ ಅಂಕಿ ಹೇಳಿಸಬಹುದು, ತಲೆ ತಿರುಗಿಸಲು ಮಾತಿನಲ್ಲಿ ಸೂಚಿಸಬಹುದು, ಮನುಷ್ಯರೇ ವಿಡಿಯೊ ಕರೆಯಲ್ಲಿ ಮಾತಾಡಬಹುದು. ಆ್ಯಪ್ ಬಿಡುಗಡೆ ಮಾಡುವ ಮುನ್ನ ಕಣ್ಣು ಕಾಣದ ಇಬ್ಬರ ಕೈಗೆ ಕೊಟ್ಟು, ಮಧ್ಯೆ ಬಾಯಿ ಹಾಕದೆ, ಮೊದಲಿನಿಂದ ಕೊನೆಯವರೆಗೆ ಬಳಸಲು ಬಿಟ್ಟರೆ ಎಲ್ಲಿ ಸಿಕ್ಕಿಕೊಳ್ಳುತ್ತದೆ ಎಂದು ಒಂದೇ ಮಧ್ಯಾಹ್ನದಲ್ಲಿ ಗೊತ್ತಾಗುತ್ತದೆ.

ಕೊನೆಗೆ ಮತ್ತೆ ಸಾಕ್ಷಿಯ ಕಟಕಟೆಗೆ ಬರುತ್ತೇನೆ. ನುಡಿದ ಸಾಕ್ಷ್ಯವನ್ನು ಸಾಕ್ಷಿಗೆ ಓದಿ ಹೇಳಬೇಕು ಎಂಬ ನಿಯಮ ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ 278ರಲ್ಲಿತ್ತು, ಈಗಿನ ನಾಗರಿಕ ಸುರಕ್ಷಾ ಸಂಹಿತೆಯ 313ರಲ್ಲಿದೆ. ಆರೋಪಿ ಅಥವಾ ಅವರ ವಕೀಲರ ಎದುರಲ್ಲೇ ಓದಬೇಕು. ಸಾಕ್ಷಿ ತಪ್ಪಿದೆ ಎಂದರೆ ತಿದ್ದಬಹುದು, ಇಲ್ಲವೇ ನ್ಯಾಯಾಧೀಶರು ಆ ಆಕ್ಷೇಪಣೆಯನ್ನು ಬರೆದು ತಮ್ಮ ಷರಾ ಸೇರಿಸಬಹುದು. ಗಡಿಬಿಡಿಯ ದಿನ ಕಣ್ಣಿರುವ ಸಾಕ್ಷಿಯ ಮುಂದೆ ಹಾಳೆ ಸರಿಸಿ, ಇಲ್ಲಿ ರುಜು ಹಾಕಿ ಎಂದರೆ ಮುಗಿಯಿತು. ಕಣ್ಣು ಕಾಣದ ಸಾಕ್ಷಿ ಹಾಗೆ ಹಾಕಬೇಕಿಲ್ಲ. ‘ಪೂರ್ತಿ ಓದಿ’ ಎನ್ನಬೇಕು. ಓದುವಾಗ ವೇಗ ಹೆಚ್ಚಾದರೆ ನಿಲ್ಲಿಸಬೇಕು, ‘ಇಷ್ಟುದ್ದ’ ಎಂದು ಕೇಳಿಸಿದಲ್ಲಿ ಎಷ್ಟು ಎಂದು ಬರೆಸಬೇಕು, ಹೆಸರುಗಳನ್ನು ಅಕ್ಷರ ಬಿಡಿಸಿ ಹೇಳಿಸಿಕೊಳ್ಳಬೇಕು. ಆಮೇಲೆ ಕೊನೆಯ ಸಾಲು, ‘ಓದಿ ಹೇಳಿದ್ದನ್ನು ಕೇಳಿದ್ದೇನೆ, ಸರಿಯಿದೆ’, ಅದರ ಕೆಳಗೆ ಕಿಂಡಿಯ ರಟ್ಟು, ಅದರೊಳಗೆ ಸ್ವಂತ ಸಹಿ.